ಚಿನ್ನ ಬೇಡ, ಎನ್‌ಓಸಿ ಕೊಡಿ

ನನ್ನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗಂಡನನ್ನು ಬಿಟ್ಟವಳು ಎಂದ ಕೂಡಲೇ ಕೇಳುವವರ ಕಿವಿ ನಿಮಿರುತ್ತದೆ. ಕುಡಿಯುತ್ತಿದ್ದರಾ? ಇಲ್ಲ. ಹೊಡೆಯುತ್ತಿದ್ದರಾ? ಅಯ್ಯೋ, ಜಿರಳೆಗೆ ಹೊಡೆಯಲಿಕ್ಕೂ ನನ್ನನ್ನೇ ಕರೆಯುತ್ತಿದ್ದ ಮನುಷ್ಯ. ಹಾಗಾದರೆ ಬೇರೆ ಯಾರಾದರೂ ಇದ್ದರಾ? ಇದ್ದದ್ದು ಒಂದು ಬಸಳೆ ಚಪ್ಪರ, ಅಷ್ಟೆ. ಬೇರೆಯಾಗಿ ಇಷ್ಟು ವರ್ಷವಾದರೂ ಬರೆಯಲು ಕೂತರೆ ‘ನನ್ನವರು’ ಎಂದೇ ಬರುತ್ತದೆ. ಆ ಶಬ್ದವನ್ನು ಮಂಗಳೂರಿನ ಕೋರ್ಟು ರದ್ದು ಮಾಡಿಲ್ಲ, ನಾನೂ ಮಾಡಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಬಹರೈನ್‌ನ ಅರಾದ್‌ನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ ನಮ್ಮ ಮನೆ. ಮನೆ ಅವರ ಕಂಪನಿಯದ್ದು. ನೆಲ ಅಂತಸ್ತಿನ ಎರಡು ಕೋಣೆ, ಹಿಂದೆ ಸಿಮೆಂಟಿನ ಪುಟ್ಟ ಅಂಗಳ. ವಿಮಾನ ತಲೆಯ ಮೇಲೆ ಹಾದುಹೋಗುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅರ್ಧ ವಾಕ್ಯದಿಂದ ಮುಂದುವರಿಸುವುದು ನಮಗೆ ಅಭ್ಯಾಸವಾಗಿತ್ತು. ಅವರು ಸಿತ್ರಾದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್, ಮೂರು ಪಾಳಿಯ ಕೆಲಸ, ಬಾಗಿಲಿಗೆ ಕಂಪನಿ ಬಸ್ಸು ಬರುತ್ತಿತ್ತು. ನಾನು ಮನಾಮಾದ ಒಂದು ಹೆಂಗಸರ ಟೇಲರಿಂಗ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಬೆಳಿಗ್ಗೆ ಎಂಟರಿಂದ ಹನ್ನೆರಡೂವರೆ, ಮತ್ತೆ ನಾಲ್ಕರಿಂದ ಎಂಟು.

ಅವರು ಮಲಗಿದ್ದಾಗ ನಾನು ಹೊರಡುವುದು, ನಾನು ಬರುವಾಗ ಅವರ ಬಸ್ಸು ಹೊರಟಿರುವುದು. ಹೀಗೆ ಫ್ರಿಜ್ಜಿನ ಬಾಗಿಲೇ ನಮ್ಮ ಅಂಚೆ ಕಚೇರಿಯಾಯಿತು. ‘ಸಾರು ಕೆಳಗೆ ಉಂಟು.’ ‘ಗ್ಯಾಸ್ ಮುಗಿಯಿತು.’ ‘ಬಸಳೆಗೆ ನೀರು ಹಾಕು.’ ಶುಕ್ರವಾರ ರಜೆಯೆಂದರೆ ಅವರಿಗೆ ಓವರ್‌ಟೈಮ್. ಒಂದು ದಿನ ಆ ಚೀಟಿಗಳನ್ನೆಲ್ಲ ಕಿತ್ತು ಒಟ್ಟು ಮಾಡಿದೆ. ಮೂರು ವಾರದಿಂದ ನಾವು ಬಾಯಿ ಬಿಟ್ಟು ಒಂದು ಮಾತೂ ಆಡಿರಲಿಲ್ಲ, ಜಗಳ ಕೂಡ ಆಡಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಒಟ್ಟಿಗೆ ಉಣ್ಣುತ್ತಲೂ ಇರಲಿಲ್ಲ, ಒಟ್ಟಿಗೆ ಮಲಗುತ್ತಲೂ ಇರಲಿಲ್ಲ, ಮತ್ತೆ ಆ ಜಗಳ ಮುಗಿಯುವುದು ಯಾವಾಗ?

ಮಕ್ಕಳಾಗಲಿಲ್ಲ. ತಪ್ಪು ಯಾರದೆಂದು ಇಬ್ಬರೂ ಹುಡುಕಲಿಲ್ಲ, ಅಷ್ಟು ಮರ್ಯಾದೆ ನಮ್ಮಲ್ಲಿತ್ತು. ಮದುವೆಯಾಗಿ ಎಂಟು ವರ್ಷಕ್ಕೆ ಅವರು ಮಾತು ಬಿಟ್ಟಿದ್ದರು, ನಾನು ತಾಳ್ಮೆ ಬಿಟ್ಟಿದ್ದೆ. ಇಬ್ಬರೂ ಒಳ್ಳೆಯವರೇ, ಆದರೆ ಒಂದೇ ಮನೆಯಲ್ಲಿ ಆಗುವುದಿಲ್ಲ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಯಾರಾದರೊಬ್ಬರು ಕೆಟ್ಟವರಾಗಲೇಬೇಕು ಅವರಿಗೆ.

ಮೊದಲು ಬಾಯಿ ಬಿಟ್ಟವಳು ನಾನೇ. ಅವರು ಅಂಗಳದಲ್ಲಿ ಬಸಳೆಗೆ ನೀರು ಹಾಕುತ್ತಿದ್ದರು. ಅರ್ಧಕ್ಕೆ ಕತ್ತರಿಸಿದ ಎರಡು ಪ್ಲಾಸ್ಟಿಕ್ ಡ್ರಮ್ಮು, ಅದಕ್ಕೆ ಎಲ್ಲಿಂದಲೋ ಹೊತ್ತು ತಂದ ಮಣ್ಣು, ಮೇಲೆ ಹಳೆ ಪೈಪಿನ ಚಪ್ಪರ. ಏಸಿಯಿಂದ ಇಳಿಯುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದಕ್ಕೇ ಹಾಕುತ್ತಿದ್ದರು. ನಾನು ಹೇಳಿದೆ, “ನಮಗೆ ಇನ್ನು ಸಾಕು ಅಂತ ಕಾಣ್ತದೆ. ಬೇರೆ ಆಗುವಾ.” ಅವರು ಬಕೆಟ್ಟಿನ ಕೊನೆಯ ನೀರನ್ನೂ ಹೊಯ್ದು ಮುಗಿಸಿ, “ಆಯ್ತು” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಎಂತ ಆಯ್ತು? ಹೆಂಡತಿ ಬಿಟ್ಟುಹೋಗ್ತೇನೆ ಅಂದ್ರೆ ಒಂದು ಬೈಗುಳವಾದ್ರೂ ಬೇಡ್ವಾ ನಿಮಗೆ? ಬಸಳೆ ಬಾಡಿದ್ರೆ ಇದಕ್ಕಿಂತ ಹೆಚ್ಚು ಬೊಬ್ಬೆ ಹಾಕ್ತೀರಿ!” ಅವರು ನಕ್ಕರು. ನಾನೂ ನಕ್ಕೆ. ನಿಜ ಹೇಳುತ್ತೇನೆ, ಆ ವರ್ಷದಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮಂಗಳೂರಿನ ವಕೀಲರಿಗೆ ಬರೆದೆವು. ಅವರಿಂದ ಉತ್ತರ ಬಂತು: ಇಬ್ಬರಿಗೂ ಒಪ್ಪಿಗೆಯಿದ್ದರೆ ಕೋರ್ಟಿನ ಕೆಲಸ ಸುಲಭ, ಆದರೆ ಯಾರಿಗೆ ಏನು ಎಂಬುದನ್ನು ಮೊದಲು ನೀವೇ ಮಾತಾಡಿ, ಬರೆದು, ಸಹಿ ಮಾಡಿ ಕಳಿಸಿ. ಆಗ ನಮ್ಮವರಲ್ಲಿ ಇಂಥದ್ದಕ್ಕೆಲ್ಲ ಒಬ್ಬರೇ ಇದ್ದರು. ಮನಾಮಾದಲ್ಲಿ ಒಂದು ವ್ಯಾಪಾರದ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ ಹಿರಿಯರು. ಎಲ್ಲರಿಗೂ ಅವರು ಮಾಮ, ಅವರ ಹೆಂಡತಿ ಮಾಮಿ. ಅವರ ಮನೆಮಾತು ಕೊಂಕಣಿ, ನಮ್ಮದು ತುಳು, ಹಾಗಾಗಿ ಪಂಚಾತಿಗೆಯೆಲ್ಲ ಕನ್ನಡದಲ್ಲಿ. ಸಿಟ್ಟು ನೆತ್ತಿಗೇರಿದಾಗ ಮಾತ್ರ ನಾವಿಬ್ಬರೂ ತುಳುವಿಗೆ ಜಾರುತ್ತಿದ್ದೆವು. ಮಾಮನಿಗೆ ತುಳು ಚೆನ್ನಾಗಿ ತಿಳಿಯುತ್ತಿತ್ತು, ತಿಳಿಯದವರಂತೆ ಕೂತಿರುತ್ತಿದ್ದರು.

ಓವರ್‌ಟೈಮ್ ಬಿಟ್ಟು ಶುಕ್ರವಾರ ಮಧ್ಯಾಹ್ನ ಅವರ ಮನೆಗೆ ಹೋದೆವು, ಒಂದೇ ಕಾರಿನಲ್ಲಿ. ಮಾಮನದ್ದೊಂದು ನಿಯಮ: ಮೊದಲು ಊಟ, ಆಮೇಲೆ ಪಂಚಾತಿಗೆ. “ಹಸಿದ ಹೊಟ್ಟೆಯಲ್ಲಿ ಪಾಲು ಮಾಡಿದ್ರೆ ಕಲ್ಲು ಕೂಡ ತನಗೇ ಬೇಕು ಅಂತಾರೆ” ಎನ್ನುತ್ತಿದ್ದರು. ಮಾಮಿ ನಮ್ಮನ್ನು ಬೇಕೆಂದೇ ಒತ್ತೊತ್ತಿಗೆ ಕೂರಿಸಿ, ಅನ್ನ, ದಾಳಿತೋವೆ, ಬಂಗುಡೆ ಹುರಿದದ್ದು ಎಲ್ಲ ಬಡಿಸಿದರು. ನನ್ನವರು ಎಂದಿನಂತೆ ತಮ್ಮ ಬಂಗುಡೆಯ ತಲೆಯ ಭಾಗವನ್ನು ನನ್ನ ತಟ್ಟೆಗೆ ಹಾಕಿದರು. ನನಗದು ಇಷ್ಟ, ಅವರಿಗೆ ಬೇಡ. ಮಾಮಿ ಅದನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡು, “ಇವರಿಗೆಂತ ಡೈವೋರ್ಸು, ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಗಂಡನಿಗೇ ಗದರಿದರು.

ಊಟವಾದ ಮೇಲೆ ಮಾಮ ಗೆರೆಯ ಪುಸ್ತಕದಿಂದ ಎರಡು ಹಾಳೆ ಹರಿದರು. ಅವರ ಪಂಚಾತಿಗೆಯ ಕ್ರಮವೇ ಬೇರೆ. ಅಣ್ಣತಮ್ಮಂದಿರು ಅಂಗಡಿ ಪಾಲು ಮಾಡುವಾಗ, ಪಾಲುದಾರರು ಬೇರೆಯಾಗುವಾಗ ಎಲ್ಲ ಅವರು ಹೀಗೇ ಮಾಡಿಸುತ್ತಿದ್ದರಂತೆ. “ತನಗೆ ಬೇಕಾದ್ದನ್ನು ಬರೀಲಿಕ್ಕೆ ಎಲ್ಲರಿಗೂ ಬರ್ತದೆ ಮಾರಾಯ್ತಿ. ಅದು ಬೇಡ. ಅವನಿಗೆ ಎಂತ ಸೇರಬೇಕು ಅಂತ ನೀನು ಬರಿ. ನಿನಗೆ ಎಂತ ಸೇರಬೇಕು ಅಂತ ಅವನು ಬರೀಲಿ. ಮತ್ತೆ ಜಗಳ ಮಾಡುವಾ, ಟೈಮ್ ಉಂಟಲ್ಲ.”

ನಾನು ಸರಸರ ಬರೆದೆ. ಟಿವಿ, ವಿಸಿಆರ್, ಫ್ರಿಜ್ಜು, ಹಳೆ ಕಾರು, ಬ್ಯಾಂಕಿನಲ್ಲಿರುವುದರಲ್ಲಿ ಅರ್ಧ, ಮಂಗಳೂರಿನ ಫ್ಲಾಟಿನಲ್ಲಿ ಅರ್ಧ. ಉದಾರವಾಗಿಯೇ ಬರೆದಿದ್ದೇನೆ ಎಂದು ಒಳಗೊಳಗೆ ಬೀಗಿದೆ. ನನ್ನವರು ನಾಲಗೆಯ ತುದಿ ಕಚ್ಚಿಕೊಂಡು, ಪೈಪಿಗೆ ಅಳತೆ ಗುರುತು ಹಾಕುವವರಂತೆ ಒಂದೊಂದೇ ಅಕ್ಷರ ಬರೆದರು. ಹಾಳೆ ಬದಲಾಯಿಸಿಕೊಂಡೆವು. ನನ್ನ ಪಾಲಿಗೆ ಅವರು ಬರೆದದ್ದು ಇಷ್ಟು: ‘ಚಿನ್ನ ಮೂವತ್ತು ಪವನು, ಎಲ್ಲ. ಮಂಗಳೂರಿನ ಫ್ಲಾಟು, ಪೂರ್ತಿ. ಹೊಲಿಗೆ ಮೆಷಿನು. ಏರ್ ಟಿಕೆಟ್, ಒನ್ ವೇ.’

“ನೋಡು, ಪೂರ್ತಿ ಫ್ಲಾಟು ಕೊಟ್ಟಿದ್ದಾನೆ!” ಎಂದರು ಮಾಮಿ, ನನ್ನ ಭುಜದ ಮೇಲಿಂದ ಬಗ್ಗಿ ಓದಿ. ನನ್ನ ಕಣ್ಣು ಕೊನೆಯ ಸಾಲಿನಲ್ಲಿತ್ತು.

“ಇದು ಎಂತದು, ಒನ್ ವೇ?”

“ಊರಿಗೆ ಹೋಗ್ಲಿಕ್ಕೆ” ಎಂದರು ನನ್ನವರು.

“ಊರಿಗೆ ಯಾರು ಹೋಗ್ತಾರೆ?”

ಮೂವರೂ ನನ್ನ ಮುಖ ನೋಡಿದರು. ಆಗಲೇ ನನಗೆ ಗೊತ್ತಾದದ್ದು: ಇಷ್ಟು ದಿನದಲ್ಲಿ ಈ ಮೂರು ಒಳ್ಳೆಯ ಜನರಲ್ಲಿ ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಗಂಡನನ್ನು ಬಿಟ್ಟವಳು ವಿಮಾನ ಹತ್ತುತ್ತಾಳೆ ಎಂಬುದು ಎಲ್ಲರಿಗೂ ಅಷ್ಟು ಸಹಜವಾಗಿತ್ತು. ನಾನೂ ಹೇಳಿರಲಿಲ್ಲ, ಯಾಕೆಂದರೆ ನಾನು ಇಲ್ಲೇ ಇರುತ್ತೇನೆ ಎಂಬುದು ನನಗೆ ಅಷ್ಟೇ ಸಹಜವಾಗಿತ್ತು.

“ನೀನು ಒಬ್ಬಳೇ ಇಲ್ಲಿ? ಎಂತ ಮಾಡ್ಲಿಕ್ಕೆ?” ಮಾಮ ಕನ್ನಡಕ ತೆಗೆದರು. “ಊರಲ್ಲಿ ಅಣ್ಣ ಇದ್ದಾನೆ. ಫ್ಲಾಟು ಉಂಟು. ಚಿನ್ನ ಬ್ಯಾಂಕಿನಲ್ಲಿಟ್ರೆ...”

“ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಮಾಮ. ನನಗೆ ಕೂತು ಉಣ್ಲಿಕ್ಕೆ ಬರುದೂ ಇಲ್ಲ.”

ಅಣ್ಣನೂ ಅತ್ತಿಗೆಯೂ ಒಳ್ಳೆಯವರೇ. ಆದರೆ ಬಿಟ್ಟು ಬಂದ ತಂಗಿಯನ್ನು ಒಳ್ಳೆಯವರು ಹೇಗೆ ನೋಡಿಕೊಳ್ಳುತ್ತಾರೆಂದು ನನಗೆ ಗೊತ್ತು. ಮದುವೆಗೆ ಕರೆಯುತ್ತಾರೆ, ಮುಂದೆ ನಿಲ್ಲಿಸುವುದಿಲ್ಲ. ಇಲ್ಲಿ ನನ್ನ ಕೈಗೆ ಬೆಲೆಯಿತ್ತು. ಮದುಮಗಳ ಅಮ್ಮಂದಿರು ಹೊಳೆಯುವ ದುಬಾರಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಬೇರೆಯವರು ಕತ್ತರಿ ಮುಟ್ಟುವುದು ಬೇಡ, ಆ ಇಂಡಿಯನ್ ಬರಲಿ ಎಂದು ಕಾಯುತ್ತಿದ್ದರು. ಮೂವತ್ತೆರಡು ವರ್ಷದ ನನ್ನ ಬಾಳಿನಲ್ಲಿ ನನಗಾಗಿ ಯಾರಾದರೂ ಕಾದದ್ದು ಆ ಮೇಜಿನಲ್ಲಿ ಮಾತ್ರ.

ಅಂಗಡಿಯ ಯಜಮಾನಿ ಬಹರೈನಿ ಹೆಂಗಸು, ನಾವು ಮೇಡಂ ಎನ್ನುತ್ತಿದ್ದೆವು. ಅಲ್ಲಿಯವರೆಗೆ ನಾನು ಗಂಡನ ವೀಸಾದಲ್ಲಿದ್ದುಕೊಂಡು ಕಣ್ತಪ್ಪಿಸಿ ಕೆಲಸ ಮಾಡುತ್ತಿದ್ದೆ. ತಪಾಸಣೆಗೆ ಬರುವವರು ಹೆಚ್ಚಾಗಿದ್ದರು. ಮೇಡಂ ಓಡಾಡಿ ನನಗಾಗಿ ಕೆಲಸದ ವೀಸಾಕ್ಕೆ ಅನುಮತಿ ತರಿಸಿದ್ದರು. ಇನ್ನು ಬೇಕಾದದ್ದು ಒಂದೇ: ಇವಳು ನನ್ನ ವೀಸಾ ಬಿಟ್ಟು ಬೇರೆ ವೀಸಾಕ್ಕೆ ಹೋಗಲು ನನ್ನ ಅಡ್ಡಿಯಿಲ್ಲ ಎಂದು ಗಂಡ ಸಹಿ ಹಾಕಿಕೊಡುವ ಎನ್‌ಓಸಿ. “ಈ ತಿಂಗಳೊಳಗೆ ಕಾಗದ ತಂದರೆ ಸರಿ” ಎಂದಿದ್ದರು ಮೇಡಂ ತಮ್ಮ ಹರಕು ಹಿಂದಿಯಲ್ಲಿ. “ಇಲ್ಲದಿದ್ದರೆ ಖಲಾಸ್, ನಾನು ಹೈದರಾಬಾದಿನಿಂದ ಬೇರೆಯವರನ್ನು ತರಿಸಬೇಕು.”

ಇಷ್ಟನ್ನೂ ಮಾಮನ ಮುಂದೆ ಹೇಳಿದೆ. ಹೇಳಿ, “ಟಿಕೆಟ್ ಹೊಡೆದುಹಾಕಿ, ಎನ್‌ಓಸಿ ಅಂತ ಬರೆಯಿರಿ” ಎಂದೆ.

“ಅದು ಆಗ್ಲಿಕ್ಕಿಲ್ಲ” ಎಂದರು ನನ್ನವರು.

ಎಂಟು ವರ್ಷದಲ್ಲಿ ಅವರು ನನಗೆ ‘ಆಗ್ಲಿಕ್ಕಿಲ್ಲ’ ಎಂದದ್ದು ಅದೇ ಮೊದಲು. ಮಾಮ ಒಂದೊಂದೇ ಪ್ರಶ್ನೆ ಹಾಕಿ ಕಾರಣ ಹೊರಡಿಸಿದರು. ಅರಾದ್‌ನ ಮನೆಯನ್ನು ಕಂಪನಿ ಕೊಟ್ಟದ್ದು ಹೆಂಡತಿ ಇದ್ದವರಿಗೆ. ಹೆಂಡತಿಯ ಹೆಸರು ವೀಸಾದಿಂದ ಹೋದ ದಿನ ಕಂಪನಿಯ ಕಡತದಲ್ಲಿ ಅವರು ಬ್ಯಾಚುಲರ್. ಒಂದು ತಿಂಗಳೊಳಗೆ ಮನೆ ಬಿಟ್ಟು ಸಿತ್ರಾದ ಕೆಲಸಗಾರರ ಕ್ಯಾಂಪಿಗೆ ಹೋಗಬೇಕು. ಕಾಂಟ್ರಾಕ್ಟು ಇನ್ನೂ ಎರಡು ವರ್ಷವಿತ್ತು. ನಾನು ಸುಮ್ಮನೆ ಊರಿಗೆ ಹೋದರೆ, ನಡುವೆ ಒಮ್ಮೊಮ್ಮೆ ಬಂದುಹೋಗುತ್ತಿದ್ದರೆ, ಹೆಸರು ವೀಸಾದಲ್ಲಿ ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಊರಿನ ಕೋರ್ಟಿನ ಕಾಗದ ಇಲ್ಲಿಯ ಕಂಪನಿಗೆ ಯಾಕೆ ಗೊತ್ತಾಗಬೇಕು? ಅದು ಅವರ ಲೆಕ್ಕಾಚಾರ.

“ಎರಡು ವರ್ಷ ಮಾತ್ರ. ಮತ್ತೆ ನೀನು ಯಾವ ವೀಸಾದಲ್ಲಿ ಬೇಕಾದ್ರೂ ಬಾ” ಎಂದರು.

“ಎರಡು ವರ್ಷ ಮೇಡಂ ಕಾಯ್ತಾರಾ?”

ನನ್ನವರಿಗೆ ಮನೆಯೆಂದರೆ ಎಷ್ಟು ಎಂಬುದು ನನಗಿಂತ ಹೆಚ್ಚು ಯಾರಿಗೆ ಗೊತ್ತು? ಮದುವೆಗೆ ಮೊದಲು ಆರು ವರ್ಷ ಅವರು ಕ್ಯಾಂಪಿನಲ್ಲಿದ್ದವರು, ಒಂದು ಕೋಣೆಗೆ ಎಂಟು ಜನ. ನಮ್ಮ ಮದುವೆಯ ಮೊದಲ ವಾರ ಅವರು ನನಗೆ ಹೇಳಿದ್ದ ಒಂದೇ ಒಂದು ದೊಡ್ಡ ಮಾತು, ‘ಇನ್ನು ನಾನು ಬಾತ್‌ರೂಮಿಗೆ ಸಾಲು ನಿಲ್ಲುದಿಲ್ಲ’ ಎಂಬುದು. ಅರಾದ್‌ಗೆ ಬಂದ ದಿನ ಸ್ನಾನದ ಕೋಣೆಗೆ ಹೋದವರು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಒಳಗಿಂದ ಹಾಡು ಕೇಳುತ್ತಿತ್ತು.

ಮರುವಾರ ಮತ್ತೆ ಶುಕ್ರವಾರ, ಮತ್ತೆ ಊಟ. ಈ ಸಲ ನಾನು ತಯಾರಾಗಿ ಹೋಗಿದ್ದೆ. ಹಾಳೆ ಹರಿಯುವ ಮೊದಲೇ ಬ್ಯಾಗಿನಿಂದ ಬಿಸ್ಕತ್ತಿನ ಡಬ್ಬ ತೆಗೆದು ಮೇಜಿನ ಮೇಲೆ ಮಗುಚಿದೆ. ಬಳೆ, ಸರ, ಬೆಂಡೋಲೆ, ನನ್ನಪ್ಪ ಹತ್ತು ವರ್ಷ ಕೂಡಿಸಿ ಮಾಡಿಸಿದ ಮೂವತ್ತು ಪವನು. “ಇದು ನಿಮಗೆ. ಮಂಗಳೂರಿನ ಫ್ಲಾಟೂ ನಿಮಗೆ. ಚಿನ್ನ ಬೇಡ, ಎನ್‌ಓಸಿ ಕೊಡಿ. ಎಂಕ್ ದಾಲಾ ಬೊಡ್ಚಿ!” ನನಗೆ ಏನೂ ಬೇಡ ಎಂದು ತುಳುವಿನಲ್ಲಿ ಕೂಗಿದ್ದು ಕೆಳಗಿನ ಅಂಗಡಿಗೂ ಕೇಳಿರಬೇಕು.

ಮಾಮ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. “ಹೆಣ್ಣುಮಗಳ ಚಿನ್ನ ಗಂಡನಿಗೆ ಅಂತ ನನ್ನ ಕೈಯಲ್ಲಿ ಬರೆಸಬೇಡ. ನನಗೂ ದೇವರಿದ್ದಾನೆ.”

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎಷ್ಟೇ ಸಿಟ್ಟು ಬಂದರೂ ಅಲ್ಲಿಯತನಕ ಗಂಡನನ್ನು ನಾನು ಏಕವಚನದಲ್ಲಿ ಕರೆದವಳಲ್ಲ. ಅಂದು ಕರೆದೆ. ನೀನು ಗಂಡಸೇ ಅಲ್ಲ, ನಿನಗೆ ಹೆಂಡತಿ ಬೇಡ, ಹೆಂಡತಿಯ ಹೆಸರಿನ ಮನೆ ಬೇಕು ಎಂದೆ. ಮಾಮಿ ಕಿವಿ ಮುಚ್ಚಿಕೊಂಡರು. ನನ್ನವರು ಮೇಜಿನ ಮೇಲಿನ ಬಳೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಕ್ಕೆ ಹಾಕತೊಡಗಿದರು. “ನಿನ್ನಪ್ಪ ನಿನಗೆ ಕೊಟ್ಟದ್ದು. ನನಗೆ ಎಂತಕ್ಕೆ?” ಎಂದರು, ಅಷ್ಟೆ.

ಒಂದು ಬೆಂಡೋಲೆ ಕಾಣಲಿಲ್ಲ. ಡಬ್ಬ ಮಗುಚುವಾಗ ಎಲ್ಲಿಗೋ ಉರುಳಿತ್ತು. ಆ ಮನುಷ್ಯ ಮೊಣಕಾಲೂರಿ, ಮಾಮನ ಟಾರ್ಚು ಹಿಡಿದು, ಸೋಫಾದಡಿ ತಲೆ ತೂರಿಸಿ ಹುಡುಕಿದರು. ಮಾಮ ಒಂದು ಕಡೆ, ಮಾಮಿ ಒಂದು ಕಡೆ, ಕೊನೆಗೆ ನಾನೂ ನೆಲದ ಮೇಲೆ. ಎರಡು ನಿಮಿಷದ ಹಿಂದೆ ನಾನು ಬೈದದ್ದನ್ನು ಎಲ್ಲರೂ ಮರೆತಂತಿತ್ತು. ಬೆಂಡೋಲೆ ಸಿಕ್ಕಿದ್ದು ಜಮಖಾನದ ಅಂಚಿನಲ್ಲಿ. ಅವರು ಅದನ್ನು ಅಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟರು. ಕಾರಿನಲ್ಲಿ ವಾಪಸು ಬರುವಾಗ ನಾನು ಕಿಟಕಿಯಾಚೆ ನೋಡಿಕೊಂಡು ಅತ್ತೆ. ಅವರು ರೇಡಿಯೋ ಸಣ್ಣಗೆ ಮಾಡಿದರು.

ಆ ವಾರದ ನಡುವೆ ಅವರ ಕೈಕೆಳಗಿನ ವೆಲ್ಡರ್ ಒಬ್ಬರಿಗೆ ಜ್ವರ ಬಂತು, ಕುಂದಾಪುರ ಕಡೆಯವರು, ಸಿತ್ರಾದ ಕ್ಯಾಂಪಿನಲ್ಲಿದ್ದರು. ಗಂಜಿ, ಉಪ್ಪಿನಕಾಯಿ ತೆಗೆದುಕೊಂಡು ಇಬ್ಬರೂ ಹೋದೆವು. ಅವರು ಒತ್ತಾಯ ಮಾಡಲಿಲ್ಲ, ನಾನೇ ಬರುತ್ತೇನೆಂದು ಹೊರಟೆ. ಒಂದರ ಮೇಲೊಂದು ಕಬ್ಬಿಣದ ಮಂಚ, ಪ್ರತಿ ಮಂಚಕ್ಕೂ ಹಳೆ ಬೆಡ್‌ಶೀಟಿನ ಪರದೆ. ಪರದೆಯೊಳಗೆ ಒಬ್ಬೊಬ್ಬರದ್ದೂ ಒಂದು ದೇವರ ಪಟ, ಒಂದು ಮಗುವಿನ ಫೋಟೋ, ಒಂದು ಮೊಳೆಗೆ ನಾಲ್ಕು ಅಂಗಿ. “ಬನ್ನಿ, ಕೂಕಣಿ” ಎಂದು ಆ ವೆಲ್ಡರ್ ಎದ್ದು ಕೂರಲು ನೋಡಿದರು. ಕೂರಲು ಜಾಗವೇ ಇರಲಿಲ್ಲ. ಹೊರಗೆ ಬಾತ್‌ರೂಮಿನ ಮುಂದೆ ಭುಜಕ್ಕೆ ಟವೆಲ್ ಹಾಕಿಕೊಂಡ ಗಂಡಸರು ಸಾಲು ನಿಂತಿದ್ದರು. ನನ್ನವರು ಆ ಸಾಲಿನ ಕಡೆ ನೋಡಲಿಲ್ಲ. ನಾನು ನೋಡಿದೆ. ನಾನೇನು ಕೇಳುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದು ಯಾವ ದೇವರ ಮುಂದೆಯೂ ನಾನು ಹೇಳಲಾರೆ.

ಆ ರಾತ್ರಿ ಅವರ ಪಾಳಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಯೋಚಿಸಿದೆ: ಇವರನ್ನು ಆ ಮಂಚಕ್ಕೆ ಕಳಿಸಿ ನಾನು ಇಲ್ಲಿರುವುದಾ? ಬೆಳಿಗ್ಗೆ ಅಂಗಡಿಗೆ ಹೋಗಿ ಮೇಜಿನ ಮುಂದೆ ನಿಂತೆ, ಕತ್ತರಿ ಕೈಗೆ ಬಂತು. ಯೋಚನೆ ಅಲ್ಲಿಗೆ ಮುಗಿಯಿತು. ಹೋಗುವುದಾದರೆ ನಾನು ಆ ಮೇಜನ್ನು ಬಿಟ್ಟು ಹೋಗಬೇಕು, ಅದು ನನ್ನಿಂದಾಗದು. ನನ್ನ ಸ್ವಾರ್ಥ ಎನ್ನಿ. ನಾನೂ ಅದನ್ನೇ ಎನ್ನುತ್ತೇನೆ.

ಮೂರನೆಯ ಶುಕ್ರವಾರ. ಮರುದಿನ ಶನಿವಾರ ಮೇಡಂಗೆ ಕಾಗದ ಕೊಡಬೇಕಾದ ಕೊನೆಯ ದಿನ. ಊಟವಾದ ಮೇಲೆ ಮಾಮ ಮತ್ತೆರಡು ಹಾಳೆ ಹರಿದರು. “ಹಳೆಯದ್ದು ಬಿಡಿ. ಮೂರು ವಾರದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೀರಿ. ಈಗ ಹೊಸತಾಗಿ ಬರೆಯಿರಿ. ಅವನಿಗೆ ಎಂತ, ನಿನಗೆ ಎಂತ. ಇವತ್ತು ಬರೆದದ್ದನ್ನೇ ನಾನು ಟೈಪು ಮಾಡಿಸುದು, ಮತ್ತೆ ಬದಲಿಸ್ಲಿಕ್ಕಿಲ್ಲ.”

ನನ್ನವರು ಸೋಫಾದಲ್ಲೇ ಕೂತರು. ನಾನು ಹಾಳೆ ಹಿಡಿದು ಅಡುಗೆಮನೆಗೆ ಹೋದೆ. ಮಾಮಿ ಪಾತ್ರೆ ತೊಳೆಯುತ್ತಿದ್ದರು. ಗ್ಯಾಸಿನ ಪಕ್ಕದ ಕಟ್ಟೆಯ ಮೇಲೆ ಹಾಳೆಯಿಟ್ಟು ಬರೆಯತೊಡಗಿದೆ. ಟಿವಿ. ವಿಸಿಆರ್. ಫ್ರಿಜ್ಜು. ಕಾರು. ಬ್ಯಾಂಕಿನದ್ದು ಅರ್ಧ. ಮಂಗಳೂರಿನ ಫ್ಲಾಟು, ಪೂರ್ತಿ. ಇಲ್ಲಿಗೆ ಬಂದು ಪೆನ್ನು ನಿಂತಿತು. ಮುಂದಿನ ಸಾಲು ಏನೆಂದು ನನಗೆ ಗೊತ್ತಿತ್ತು. ಅವರಿಗೆ ಸೇರಬೇಕಾದದ್ದು ಒಂದೇ, ‘ಅರಾದ್‌ನ ಮನೆ’. ಎರಡೇ ಪದ. ಬರೆದರೆ ಮಾಮ ಅದನ್ನೇ ಹಿಡಿದು, ಹಾಗಾದರೆ ನೀನು ಹೋಗು ಎನ್ನುತ್ತಾರೆ ಎಂಬ ಹೆದರಿಕೆ. ನಾನು ಆ ಸಾಲಿನಲ್ಲಿ ‘ಪ್ರೆಷರ್ ಕುಕ್ಕರ್’ ಎಂದು ಬರೆದೆ. ಆಮೇಲೆ ‘ಇಸ್ತ್ರಿ ಪೆಟ್ಟಿಗೆ’. ಆಮೇಲೆ ‘ಹಾಸಿಗೆ ಎರಡು, ಕಂಬಳಿ ಎರಡು’. ಪುಟ ತುಂಬುವವರೆಗೆ ಬರೆದೆ. ಮಾಮಿ ಕೈ ಒರೆಸಿಕೊಂಡು ಬಂದು ಓದಿದರು. ನನ್ನ ಮುಖ ನೋಡಿ, ಒಂದು ಲೋಟ ನೀರು ಕೊಟ್ಟರು.

ಹಾಳೆ ಬದಲಾಯಿಸಿಕೊಂಡೆವು. ಅವರ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ‘ಎನ್‌ಓಸಿ’ ಎಂದಿತ್ತು. ಅದರ ಕೆಳಗೆ ‘ಚಿನ್ನ’. ಅಷ್ಟೇ. ನನಗೆ ಅಳು ಬಂತು. “ಇದು ಎಂತ ಮಾಡಿದಿರಿ?” ಎಂದು ಕೇಳಿದೆ. “ಮಾಮ ಹೇಳಿದ್ರಲ್ಲ, ನಿನಗೆ ಎಂತ ಸೇರಬೇಕು ಅಂತ ಬರೀಲಿಕ್ಕೆ” ಎಂದರು. ಮಾಮಿ ಗೊಳೋ ಎಂದು ಅತ್ತರು. ಮಾಮ ಅಂದೇ ಎನ್‌ಓಸಿ ಟೈಪು ಮಾಡಿದರು, ನನ್ನವರು ಸಹಿ ಹಾಕಿದರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಅದು ಮೇಡಂ ಕೈಯಲ್ಲಿತ್ತು.

ಆಮೇಲಿನದ್ದು ಬೇಗ ಹೇಳಬಹುದು. ಮರುತಿಂಗಳ ಕೊನೆಗೆ ಕಂಪನಿಯ ಪಿಕಪ್ಪು ಬಂತು. ನಾನೇ ಅವರ ಪೆಟ್ಟಿಗೆ ಕಟ್ಟಿದೆ, ಅಂಗಿಗಳ ಗುಂಡಿ ಎಲ್ಲ ಸರಿಯಿದೆಯೇ ನೋಡಿ ಮಡಚಿದೆ. ನಾನು ಅಂಗಡಿಯ ಮೇಲಿನ ಕೋಣೆಗೆ ಹೋದೆ. ಅವರು ಎರಡು ವರ್ಷ ಕ್ಯಾಂಪಿನಲ್ಲಿದ್ದರು. ನಾನು ವಾರಕ್ಕೊಮ್ಮೆ ಮೀನುಸಾರು ಮಾಡಿ ಡಬ್ಬ ಕಳಿಸುತ್ತಿದ್ದೆ, ಅವರು ತೊಳೆದು ವಾಪಸು ಕಳಿಸುತ್ತಿದ್ದರು. ಕೋರ್ಟಿನ ಕಾಗದ ಬಂದ ದಿನ ಮಾಮಿಯ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ಉಂಡೆವು. ಈಗ ಅವರು ಮಂಗಳೂರಿನ ಫ್ಲಾಟಿನಲ್ಲಿದ್ದಾರೆ, ಒಬ್ಬ ಒಳ್ಳೆಯ ಹೆಂಗಸನ್ನು ಮದುವೆಯಾಗಿದ್ದಾರೆ. ದೀಪಾವಳಿಗೆ ಫೋನು ಮಾಡಿದರೆ ಆಕೆಯೇ ಮೊದಲು ನನ್ನೊಡನೆ ಮಾತಾಡುವುದು. ನಾನು ಆ ವೀಸಾದ ಮೇಲೆ ಹತ್ತೊಂಬತ್ತು ವರ್ಷ ದುಡಿದೆ, ಕೊನೆಯ ಕೆಲವು ವರ್ಷ ಆ ಅಂಗಡಿಯನ್ನು ನಡೆಸಿದವಳೇ ನಾನು. ಇದ್ದುಬಿಟ್ಟದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪವಿಲ್ಲ.

ಈ ಕತೆಯನ್ನು ನಾನು ಎಲ್ಲರಿಗೂ ಹೇಳುವುದು ಹೀಗೆಯೇ, ನನ್ನವರು ಎಂಥ ಬಂಗಾರದ ಮನುಷ್ಯ ಎಂದು. ಆದರೆ ಹೇಳುವಾಗಲೆಲ್ಲ ನಡುವೆ ಒಂದು ನಿಮಿಷವನ್ನು ಹಾರಿಸಿಬಿಡುತ್ತೇನೆ. ನಾನು ಅವರ ಹಾಳೆ ಓದಿ ಅಳುತ್ತಿದ್ದಾಗ, ಅವರ ಕೈಯಲ್ಲಿ ನನ್ನ ಹಾಳೆಯಿತ್ತು. ಅವರು ಸಹಿ ಹಾಕುವ ಮೊದಲಿನ ಮಾತು ಇದು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಟಿವಿ, ಕಾರು, ಫ್ಲಾಟು, ಕುಕ್ಕರ್, ಕಂಬಳಿ. ಕೊನೆಯ ಸಾಲು ಮುಗಿಯಿತು. ಆಮೇಲೆ ಹಾಳೆಯನ್ನು ಮಗುಚಿ ಹಿಂದುಗಡೆ ನೋಡಿದರು. ಹಿಂದೆ ಬರೀ ಗೆರೆಗಳಿದ್ದವು. ಸ್ವಲ್ಪ ಹೊತ್ತು ಆ ಖಾಲಿ ಬದಿಯನ್ನೇ ನೋಡಿ, ಮತ್ತೆ ಸರಿಯಾಗಿ ತಿರುಗಿಸಿ ಮೇಜಿನ ಮೇಲಿಟ್ಟು, “ಮಾಮ, ಪೆನ್ನು ಕೊಡಿ” ಎಂದರು.

ಅವರು ಏನನ್ನು ಹುಡುಕಿದರೆಂದು ನನಗೆ ಗೊತ್ತು. ಅರಾದ್‌ನ ಮನೆಯನ್ನು ಅವರಿಗೆ ಉಳಿಸಿಕೊಡಲು ನನ್ನಿಂದ ಆಗುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೂ ಆ ಎರಡು ಪದ ಬರೆಯಬಹುದಿತ್ತು. ನಾನು ಬರೆದಿದ್ದರೂ ಅವರು ಸಹಿ ಹಾಕುತ್ತಿದ್ದರು.